ಮುಂಡಿಗೆ ಬಿಚ್ಚಬೇಡಿ ಅಪ್ಪಯ್ಯ

ಶೆಫೀಲ್ಡ್, ಇಂಗ್ಲೆಂಡ್
ಭಾನುವಾರ, 14-9-2025

ತೀರ್ಥರೂಪರಾದ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗಳು ಶಾರದೆ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮ, ಅಮ್ಮನ, ಅಣ್ಣಯ್ಯ ಅತ್ತಿಗೆಯರ ಕ್ಷೇಮಕ್ಕೆ ಬರೆಯುತ್ತಿರಬೇಕು.

ಗಣಪತಿ ಬಿಟ್ಟ ಮಾರನೆಯ ದಿನ ನೀವು ಬರೆದ ಪತ್ರವೂ ನಮ್ಮ ಮನೆ ಬಿಚ್ಚಲು ನನ್ನ ಸಹಿ ಕೇಳಿ ಅದರೊಳಗೆ ಮಡಿಸಿಟ್ಟಿದ್ದ ಒಪ್ಪಿಗೆ ಪತ್ರವೂ ಗುರುವಾರ ಸಂಜೆ ನನ್ನ ಕೈಸೇರಿದವು. ಪತ್ರವನ್ನು ನಾಲ್ಕು ಸಲ ಓದಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಲ್ಲ, ಇದರ ಜೊತೆ ಕಳುಹಿಸುತ್ತಲೂ ಇಲ್ಲ. ನಿಮ್ಮ ಮಾತಿಗೆ ನಾನು ಎದುರಾಡಿದ್ದು ಇದುವರೆಗೆ ಇಲ್ಲ. ಈಗ ಆಡುತ್ತಿದ್ದೇನೆ, ಕ್ಷಮಿಸಬೇಕು. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ, ಉಳಿದರ್ಧ ಕೇಳುವಷ್ಟರಲ್ಲಿ ಅಮ್ಮ ಅಳಲು ತೊಡಗುತ್ತಾಳೆ. ಅಂಚೆ ತಡವಾದೀತೆಂಬ ಭಯದಿಂದ ಈ ಹಾಳೆಗಳ ಫೋಟೋಗಳನ್ನು ಅಣ್ಣಯ್ಯನ ವಾಟ್ಸಾಪಿಗೂ ಹಾಕುತ್ತೇನೆ. ಅವನು ಜಗಲಿಯಲ್ಲಿ ಕುಳಿತು ಜೋರಾಗಿ ಓದಿ ಹೇಳಲಿ, ಅರ್ಧಕ್ಕೆ ಬಿಡದಿರಲಿ.

ನನ್ನ ಬಗ್ಗೆ ಒಂದಿಷ್ಟೂ ಚಿಂತೆ ಬೇಡ. ಕೆಲಸ ಗಟ್ಟಿಯಾಗಿದೆ, ಆರೋಗ್ಯ ಚೆನ್ನಾಗಿದೆ, ಮಂಡಿನೋವು ಪೂರ್ತಿ ಹೋಗಿದೆ. ಚಳಿ ಇನ್ನೂ ಶುರುವಾಗಿಲ್ಲ. ಶುರುವಾದರೂ ಮನೆಯೊಳಗೆ ಗೊತ್ತಾಗುವುದಿಲ್ಲ. ಕುಚ್ಚಲಕ್ಕಿ ಇಲ್ಲಿಯೂ ಸಿಗುತ್ತದೆ, ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಭರಣಿ ಉಳಿದಿದೆ. ಹಣದ ತೊಂದರೆಯಂತೂ ಇಲ್ಲವೇ ಇಲ್ಲ.

ನೀವು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡಿ. ಚಿಕ್ಕಪ್ಪಯ್ಯನ ಮಕ್ಕಳು ಪಾಲು ಕೇಳಿದ್ದಾರೆ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಕೆ ತೋಟದ ಫಸಲು ಅರ್ಧಕ್ಕೆ ಇಳಿದಿದೆ, ಈ ವರ್ಷದ ಮಳೆಯಲ್ಲಿ ಕೊಳೆರೋಗವೂ ಸೇರಿಕೊಂಡಿದೆ. ಮೂರನೆಯ ಬಾರಿ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವ ಕೊನೆಗಾರನೂ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಹಳೆಯ ಮರಮಟ್ಟು ಕೊಳ್ಳುವ ವ್ಯಾಪಾರಿಯೊಬ್ಬ ಬಂದು, ತೊಟ್ಟಿಯ ಸುತ್ತಲಿನ ಹದಿನಾರು ಮುಂಡಿಗೆ ಕಂಬ, ಅವುಗಳ ತಲೆಯ ಮೇಲಿನ ಬೋದಿಗೆ, ಹೆಬ್ಬಾಗಿಲು, ಉಪ್ಪರಿಗೆಯ ಹಲಗೆ, ಕಣಜದ ಬಾಗಿಲು ಎಲ್ಲವನ್ನೂ ಟೇಪು ಹಿಡಿದು ಅಳೆದು 18 ಲಕ್ಷಕ್ಕೆ ಬೆಲೆ ಕಟ್ಟಿ ಹೋಗಿದ್ದಾನೆ. ಪಿತೃಪಕ್ಷದಲ್ಲಿ ಬೇಡವೆಂದು ನೀವು ಹೇಳಿದ್ದರಿಂದ ವಿಜಯದಶಮಿಯ ಮಾರನೆಯ ದಿನ ಮುಂಗಡ ಕೊಡುತ್ತಾನೆ. ಮನೆ ಬಿಚ್ಚಿದ ಜಾಗದಲ್ಲಿ ಆರ್‌ಸಿಸಿಯ ಎರಡು ಮನೆಗಳು, ನಮಗೊಂದು, ಚಿಕ್ಕಪ್ಪಯ್ಯನವರಿಗೊಂದು. ಇದಿಷ್ಟೂ ನನಗೆ ಅರ್ಥವಾಗುತ್ತದೆ, ಇದರಲ್ಲಿ ಯಾರ ತಪ್ಪನ್ನೂ ನಾನು ಹುಡುಕುತ್ತಿಲ್ಲ. ಆದರೆ ಕೊನೆಯಲ್ಲಿ ನೀವು ‘ಈ ಮನೆಯ ಉಪಯೋಗ ಮುಗಿಯಿತು’ ಎಂದು ಒಂದು ಸಾಲು ಬರೆದಿದ್ದೀರಿ. ಗುರುವಾರ ರಾತ್ರಿ ನಿದ್ದೆ ಬಾರದ್ದು ಆ ಸಾಲಿನಿಂದ.

ಅದೇ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ನಿನ್ನೆ ಶನಿವಾರ ಚಾಟ್ಸ್‌ವರ್ತ್ ಎಂಬ ಮನೆಯನ್ನು ನೋಡಿ ಬಂದೆ. ನಾನಿರುವ ಊರಿನಿಂದ ಗುಡ್ಡ ಹತ್ತಿ ಇಳಿದರೆ ಬಸ್ಸಿನಲ್ಲಿ ಹೆಚ್ಚು ದೂರವಲ್ಲ. ಡರ್ವೆಂಟ್ ಎಂಬ ಹೊಳೆಯ ದಡದಲ್ಲಿ, ಹಿಂದೆ ಕಾಡು, ಮುಂದೆ ಕುರಿ ಮೇಯುವ ಹುಲ್ಲುಗಾವಲು. ಇಲ್ಲಿಯವರು ಅದನ್ನು ಮನೆಯೆಂದೇ ಕರೆಯುತ್ತಾರೆ, ನಮ್ಮ ಕಣ್ಣಿಗೆ ಅರಮನೆ. ನಮ್ಮ ಮನೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಅತಿಯಾಯಿತು ಎಂದು ನಿಮಗೆ ಅನ್ನಿಸಬಹುದು. ನಾನು ನೋಡಿದ್ದು ಅದರ ದೊಡ್ಡಸ್ತಿಕೆಯನ್ನಲ್ಲ, ಅಷ್ಟು ದೊಡ್ಡದು ಇಷ್ಟು ಕಾಲ ಹೇಗೆ ನಿಂತಿತು ಎಂಬುದನ್ನು.

1549ರಲ್ಲಿ ವಿಲಿಯಂ ಕ್ಯಾವೆಂಡಿಶ್ ಎಂಬಾತ ಆ ಜಮೀನನ್ನು 600 ಪೌಂಡಿಗೆ ಕೊಂಡು, ಕೆಲವೇ ವರ್ಷಗಳಲ್ಲಿ ತನ್ನ ಹೆಂಡತಿಯೊಡನೆ ಮನೆ ಕಟ್ಟಿಸಲು ತೊಡಗಿದ. ಹಾರ್ಡ್‌ವಿಕ್ಕಿನ ಬೆಸ್ ಎಂದು ಹೆಸರಾದ ಆ ಹೆಂಗಸು ಗಂಡ ತೀರಿಕೊಂಡ ಮೇಲೂ ಕೆಲಸ ನಿಲ್ಲಿಸಲಿಲ್ಲ. ಅವಳ ಕಾಲದಲ್ಲಿಯೇ ಆ ಮನೆ ಸೆರೆಮನೆಯೂ ಆಯಿತು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಎಲಿಜಬೆತ್ ರಾಣಿ ಬಂಧನದಲ್ಲಿಟ್ಟಾಗ ಕಾವಲಿನ ಹೊಣೆ ಬೆಸ್‌ಳ ನಾಲ್ಕನೆಯ ಗಂಡನ ಮೇಲೆ ಬಿತ್ತು. 1569ರಿಂದ 1584ರ ನಡುವೆ ಹಲವು ಬಾರಿ ಆ ರಾಣಿಯನ್ನು ಅಲ್ಲಿ ಇರಿಸಿದ್ದರು. ಮುಂದೆ ಆ ಕ್ಯಾವೆಂಡಿಶ್ ಮನೆತನದ ಮೊದಲನೆಯ ಡ್ಯೂಕ್ 1680ರ ದಶಕದಿಂದ ಇಪ್ಪತ್ತು ವರ್ಷ ಹಳೆಯ ಮನೆಯ ಒಂದೊಂದೇ ಮಗ್ಗುಲನ್ನು ಕೆಡವಿ ಹೊಸದಾಗಿ ಎಬ್ಬಿಸಿದ. ರಾಜ ರಾಣಿಯರು ಬಂದು ಉಳಿಯಲೆಂದು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ ಚಿನ್ನದ ಲೇಪದ, ಚಿತ್ರ ಬರೆದ ಮುಚ್ಚಿಗೆಯ ಕೋಣೆಗಳನ್ನು ಸಾಲಾಗಿ ಮಾಡಿಸಿದ. ಅವರು ಬರಲೇ ಇಲ್ಲ. ಎರಡೂವರೆ ಶತಮಾನ ಕಳೆದ ಮೇಲೆ ಆ ಕೋಣೆಯಲ್ಲಿ ಮಲಗಿದವರು ಶಾಲೆಯ ಹುಡುಗಿಯರು.

ಆ ಕಥೆ ಹೀಗಿದೆ. 1939ರಲ್ಲಿ ಯುದ್ಧ ಬರುವುದು ಖಚಿತವಾದಾಗ ದೊಡ್ಡ ಮನೆಗಳನ್ನೆಲ್ಲ ಸರ್ಕಾರ ಸೈನ್ಯಕ್ಕೆ ವಹಿಸಿಕೊಳ್ಳುತ್ತಿತ್ತು. ಸಿಪಾಯಿಗಳು ಬಂದರೆ ಮನೆ ಉಳಿಯುವುದಿಲ್ಲ, ಹೆಣ್ಣುಮಕ್ಕಳಾದರೆ ಜೋಪಾನ ಮಾಡುತ್ತಾರೆಂದು ಹತ್ತನೆಯ ಡ್ಯೂಕ್ ಮೊದಲೇ ಯೋಚಿಸಿ, ವೇಲ್ಸಿನ ಕಡಲ ತೀರದ ಪೆನ್ರೋಸ್ ಕಾಲೇಜು ಎಂಬ ಹುಡುಗಿಯರ ಶಾಲೆಗೆ ಮನೆ ಬಿಟ್ಟುಕೊಟ್ಟ. ಆ ಶಾಲೆಯ ಕಟ್ಟಡವನ್ನು ಸರ್ಕಾರದ ಆಹಾರ ಇಲಾಖೆ ತೆಗೆದುಕೊಂಡಿತ್ತು. ಹನ್ನೊಂದು ದಿನಗಳಲ್ಲಿ ಮನೆಯ ಸಾಮಾನನ್ನೆಲ್ಲ ಕಟ್ಟಿಟ್ಟು, ಸುಮಾರು 300 ಹುಡುಗಿಯರಿಗೆ ಜಾಗ ಮಾಡಿದರು. ರಾಜನಿಗೆಂದು ಮಾಡಿಸಿದ ದೊಡ್ಡ ಕೋಣೆಯಲ್ಲಿ ಕಬ್ಬಿಣದ ಮಂಚಗಳ ಸಾಲು ಇರುವ ಫೋಟೋವನ್ನು ನೋಡಿದೆ. 1946ರವರೆಗೆ ಅವರು ಅಲ್ಲಿಯೇ ಓದಿದರು. ಆ ಫೋಟೋದ ಮುಂದೆ ನಿಂತಾಗ ನನಗೆ ನೆನಪಾದದ್ದು ನಮ್ಮ ಉಪ್ಪರಿಗೆ, ಅಪ್ಪಯ್ಯ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಅಲ್ಲಿ ಮಲಗಿದ್ದವರ ಕಥೆ. ಅದನ್ನು ಮುಂದೆ ಬರೆಯುತ್ತೇನೆ.

ಶಾಲೆ ಹೋದ ಮೇಲೆ ಬಂದ ಕಷ್ಟ ಇನ್ನೂ ದೊಡ್ಡದು. ಆ ಡ್ಯೂಕಿನ ಹಿರಿಯ ಮಗ 1944ರಲ್ಲಿ ಬೆಲ್ಜಿಯಂನಲ್ಲಿ ಯುದ್ಧದಲ್ಲಿ ಸತ್ತಿದ್ದ. ಆಸ್ತಿ ಕಿರಿಯ ಮಗನಿಗೆ ಸುಸೂತ್ರವಾಗಿ ಹೋಗಲೆಂದು ತಂದೆ 1946ರಲ್ಲಿ ಕಾಗದಪತ್ರ ಮಾಡಿಸಿದ. ಆದರೆ ಹಾಗೆ ಮಾಡಿಸಿದ ಮೇಲೆ ಐದು ವರ್ಷ ಬದುಕಿದ್ದರೆ ಮಾತ್ರ ಮರಣದ ತೆರಿಗೆ ತಪ್ಪುತ್ತಿತ್ತು. 1950ರ ನವೆಂಬರಿನಲ್ಲಿ, ಐದು ವರ್ಷ ತುಂಬಲು ಕೆಲವೇ ವಾರಗಳು ಉಳಿದಿದ್ದಾಗ, ಸೌದೆ ಒಡೆಯುತ್ತಿದ್ದಾಗ ಆತ ಕುಸಿದು ತೀರಿಕೊಂಡ. ವಯಸ್ಸು 55. ಆಸ್ತಿಯ ಮೇಲೆ ನೂರಕ್ಕೆ ಎಂಬತ್ತರಂತೆ ತೆರಿಗೆ ಬಿತ್ತು. ಮಗ ಸಾವಿರಾರು ಎಕರೆ ಭೂಮಿ ಮಾರಿದ, ಹೆಸರಾಂತ ಚಿತ್ರಗಳನ್ನು ಕೊಟ್ಟ, ಬೆಸ್ ಕಟ್ಟಿಸಿದ್ದ ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಮನೆಯನ್ನೇ ತೆರಿಗೆಯ ಬಾಬಿಗೆ ಒಪ್ಪಿಸಿದ. ಎಲ್ಲ ಲೆಕ್ಕ ತೀರಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಚಾಟ್ಸ್‌ವರ್ತನ್ನು ಮಾತ್ರ ಬಿಚ್ಚಲಿಲ್ಲ. 1949ರಲ್ಲಿಯೇ ಜನರಿಗೆ ಮತ್ತೆ ಬಾಗಿಲು ತೆರೆದಿದ್ದರು, ಆ ಬಾಗಿಲನ್ನು ಮುಚ್ಚಲಿಲ್ಲ. 1959ರಲ್ಲಿ ಸಂಸಾರ ಸಮೇತ ಬಂದು ಮನೆಯ ಒಂದು ಭಾಗದಲ್ಲಿ ನೆಲೆಸಿದರು.

ಈಗ ಅಲ್ಲಿ ನಡೆಯುವುದನ್ನು ಕೇಳಿದರೆ ನಿಮಗೆ ಸೋಜಿಗವಾದೀತು. 1981ರಲ್ಲಿ ಒಂದು ಟ್ರಸ್ಟ್ ಮಾಡಿ ಮನೆಯನ್ನು ಅದಕ್ಕೆ ದೀರ್ಘಕಾಲದ ಗುತ್ತಿಗೆಗೆ ಕೊಟ್ಟಿದ್ದಾರೆ. ಡ್ಯೂಕಿನ ಮನೆಯವರು ತಮ್ಮ ಹಿರಿಯರ ಮನೆಯಲ್ಲಿ ತಾವೇ ಬಾಡಿಗೆ ಕೊಟ್ಟುಕೊಂಡು ಇದ್ದಾರೆ, ಅದರಲ್ಲಿ ಯಾರಿಗೂ ಅವಮಾನ ಕಾಣುವುದಿಲ್ಲ. ಹದಿನೆಂಟನೆಯ ಶತಮಾನದ ಕುದುರೆ ಲಾಯ ಈಗ ಹೋಟೆಲು. ನಾನು ಚಹಾ ಕುಡಿದದ್ದು ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ. ಪಕ್ಕದ ಹಳ್ಳಿಯಲ್ಲಿ ಕುದುರೆ ಸಾಕುತ್ತಿದ್ದ ಕಟ್ಟಡದಲ್ಲಿ 1977ರಿಂದ ತಮ್ಮ ಹೊಲ ಕೊಟ್ಟಿಗೆಗಳ ಹಾಲು, ಮಾಂಸ, ತರಕಾರಿಗಳ ಅಂಗಡಿ ನಡೆಸುತ್ತಿದ್ದಾರೆ. 1973ರಿಂದ ಇನ್ನೊಂದು ಕಡೆ, ಹಾಲು ಎಲ್ಲಿಂದ ಬರುತ್ತದೆಂದು ಪೇಟೆಯ ಮಕ್ಕಳಿಗೆ ತಿಳಿಯಲೆಂದು ಹಸು ಕರೆಯುವುದನ್ನು ತೋರಿಸುತ್ತಾರೆ. ಅತ್ತಿಗೆ ದಿನಾ ಬೆಳಿಗ್ಗೆ ಐದಕ್ಕೆ ಮಾಡುವ ಕೆಲಸವನ್ನು ಇಲ್ಲಿ ಟಿಕೆಟು ಕೊಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಾರೆಂದು ಅವಳಿಗೆ ಹೇಳಿ. ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು.

ಅಣ್ಣಯ್ಯನಿಗೂ ಒಂದು ಸುದ್ದಿ ಇದೆ. ಅವನು ಕೆಳಗಿನ ಗದ್ದೆಗೆ ಹಾಕಿರುವ ಜಿ-9 ಬಾಳೆಗೂ, ಸಂತೆಯಲ್ಲಿ ಸಿಗುವ ಪಚ್ಚಬಾಳೆಗೂ ಕ್ಯಾವೆಂಡಿಶ್ ಜಾತಿ ಎನ್ನುತ್ತಾರಲ್ಲ, ಆ ಹೆಸರು ಈ ಮನೆಯದು. ಆರನೆಯ ಡ್ಯೂಕಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಇಲ್ಲಿಯ ಗಾಜಿನ ಮನೆಯಲ್ಲಿ ಬೆಂಕಿಯ ಕಾವು ಕೊಟ್ಟು ಆ ಬಾಳೆಯನ್ನು ಬೆಳೆಸಿ, 1835ರಲ್ಲಿ ಗೊನೆ ಹಾಕಿಸಿ, ಯಜಮಾನನ ಮನೆತನದ ಹೆಸರಿಟ್ಟ. ಅದೇ ವರ್ಷ ಜಾನ್ ಗಿಬ್ಸನ್ ಎಂಬ ಇನ್ನೊಬ್ಬ ತೋಟದಾಳನ್ನು ನಮ್ಮ ದೇಶಕ್ಕೆ ಕಳುಹಿಸಿ ಖಾಸಿ ಬೆಟ್ಟಗಳಿಂದ ನೂರಾರು ಸೀತಾಳೆ ಜಾತಿಯ ಹೂಗಿಡಗಳನ್ನು ತರಿಸಿಕೊಂಡರು. ಇಂಥ ಬಿಸಿಸೀಮೆಯ ಗಿಡಗಳಿಗೆಂದು 1836ರಿಂದ 1840ರೊಳಗೆ ಕಟ್ಟಿದ ಮಹಾ ಗಾಜಿನ ಮನೆಯೊಳಗೆ ಕುದುರೆ ಗಾಡಿಯೇ ಓಡಾಡುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಹಾಕಲಾಗದೆ ಗಿಡಗಳು ಸತ್ತವು. 1920ರಲ್ಲಿ ಆ ಕಟ್ಟಡವನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿಯುತ್ತಿಲ್ಲ. ಅವರೂ ಉಳಿಸಿಕೊಳ್ಳಲಾಗದ್ದನ್ನು ಕೈಬಿಟ್ಟರು. ನಮ್ಮ ಹಿಂದಿನ ಪಣತದ ಕಟ್ಟಡ ಬಿದ್ದರೆ ಬೀಳಲಿ, ಹಳೆಯ ಕೊಟ್ಟಿಗೆಯನ್ನು ಅಣ್ಣಯ್ಯ ತೆಗೆದು ಶೀಟು ಹಾಕಿಸುವುದಾದರೆ ಹಾಕಿಸಲಿ. ತೊಟ್ಟಿಯನ್ನೂ ಅದರ ಸುತ್ತಿನ ಮುಂಡಿಗೆಗಳನ್ನೂ ಮುಟ್ಟಬೇಡಿ.

ಆ ಡ್ಯೂಕುಗಳು ಮಾಡಿದ್ದೆಲ್ಲ ಸರಿಯೆಂದೂ ನಾನು ಹೇಳುವುದಿಲ್ಲ. ಮನೆಯ ನೋಟಕ್ಕೆ ಅಡ್ಡ ಬರುತ್ತದೆಂದು ಎಡೆನ್ಸರ್ ಎಂಬ ಊರನ್ನು ಕೆಡವಿ, 1830ರ ದಶಕದ ಕೊನೆಯಲ್ಲಿ ಗುಡ್ಡದ ಮರೆಯಲ್ಲಿ ಹೊಸದಾಗಿ ಕಟ್ಟಿಸಿದ್ದಾರೆ. ಹೊಸ ಊರು ಚೆಂದವಾಗಿಯೇ ಇದೆ. ಆದರೂ ಮುಳುಗಡೆಯ ಸೀಮೆಯಲ್ಲಿ ಹುಟ್ಟಿದ ನನಗೆ ಅದರ ನಡುವೆ ನಡೆಯುವಾಗ ಹಿತವಾಗಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕಾರಿನಲ್ಲಿ ಚೆಸ್ಟರ್‌ಫೀಲ್ಡಿನ ಹತ್ತಿರದ ಸಟನ್ ಸ್ಕಾರ್ಸ್‌ಡೇಲ್ ಎಂಬ ಮನೆಗೆ ಕರೆದುಕೊಂಡು ಹೋದರು. ಅದನ್ನು 1724ರಲ್ಲಿ ಕಟ್ಟಿಸಿದರು, ಗಾರೆ ಕೆಲಸಕ್ಕೆ ಇಟಲಿಯ ಕುಶಲಿಗರು ಬಂದಿದ್ದರು. 1919ರಲ್ಲಿ ಮಾಲೀಕರು ಮಾರಿದಾಗ ಅದನ್ನು ಕೊಂಡವರು ವಾಸಕ್ಕೆ ಕೊಳ್ಳಲಿಲ್ಲ, ಬಿಚ್ಚಿ ಮಾರಲು ಕೊಂಡರು. ಮಾಡಿನ ಸೀಸ ತೆಗೆದರು, ಗೋಡೆಗಳಿಗೆ ಹೊದಿಸಿದ್ದ ಕೆತ್ತನೆಯ ಮರವನ್ನು ಕಳಚಿದರು. ಮೂರು ಕೋಣೆಗಳು ಅಟ್ಲಾಂಟಿಕ್ ಸಾಗರ ದಾಟಿ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯ ಸೇರಿದವು, ಇನ್ನೊಂದು ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ನೂರು ವರ್ಷಗಳಿಂದ ಇಲ್ಲಿ ಉಳಿದಿರುವುದು ಮಾಡಿಲ್ಲದ ಗೋಡೆಗಳು. ಅವನ್ನೂ ಕೆಡವುವುದರಲ್ಲಿದ್ದಾಗ 1946ರಲ್ಲಿ ಒಬ್ಬ ಪುಣ್ಯಾತ್ಮ ಕೊಂಡು ತಡೆದದ್ದರಿಂದ, ಆಮೇಲೆ ಸರ್ಕಾರ ವಹಿಸಿಕೊಂಡದ್ದರಿಂದ ಅಷ್ಟಾದರೂ ನಿಂತಿವೆ. ನಾನು ಹೊರಗೆ ಹುಲ್ಲಿನ ಮೇಲೆ ನಿಂತು ನೋಡಿದೆ. ಕಿಟಕಿಯ ಕಂಡಿಯಾಚೆ ಮನೆಯೊಳಗು ಕಾಣಬೇಕಾದಲ್ಲಿ ಆಕಾಶ ಕಾಣುತ್ತಿತ್ತು. ಕವಲೇದುರ್ಗಕ್ಕೆ ನೀವು ನಮ್ಮನ್ನು ಕರೆದುಕೊಂಡು ಹೋಗಿದ್ದಾಗ ಅರಮನೆಯ ತಳಪಾಯದ ಕಲ್ಲುಗಳ ಮೇಲೆ ನಡೆಯುತ್ತ ‘ಮರವೆಲ್ಲ ಎಲ್ಲಿ ಹೋಯಿತು ಅಪ್ಪಯ್ಯ’ ಎಂದು ನಾನು ಕೇಳಿದ್ದೆ, ನಿಮಗೆ ನೆನಪಿದೆಯೇ? ನೀವು ಉತ್ತರ ಹೇಳದೆ ಮುಂದೆ ನಡೆದಿದ್ದಿರಿ.

ಇಂಗ್ಲೆಂಡಿನಲ್ಲಿ ಹೀಗೆ ಸಾವಿರಕ್ಕೂ ಹೆಚ್ಚು ಮನೆಗಳು ಹೋದವೆಂದು 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನವರು ಒಂದು ಪ್ರದರ್ಶನವನ್ನೇ ಏರ್ಪಡಿಸಿದ ಮೇಲೆ ಇಲ್ಲಿಯ ಜನ ಎಚ್ಚೆತ್ತರು. ನಮ್ಮ ಮನೆಗೂ 1974 ಮರೆಯುವ ವರ್ಷವಲ್ಲ. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದು ಗೇಣಿಯವರೆಲ್ಲ ಡಿಕ್ಲರೇಷನ್ ಹಾಕಿದರು, ಭೂಮಿ ಅವರಿಗೆ ಹೋಯಿತು, ಹೋದದ್ದು ನ್ಯಾಯವೇ ಎಂದು ಅಜ್ಜಯ್ಯ ಕೊನೆಯವರೆಗೂ ಹೇಳುತ್ತಿದ್ದರಂತೆ. ಗೇಣಿ ಭತ್ತ ಬರುವುದು ನಿಂತು ಕಣಜ ಬರಿದಾದಾಗಲೂ ಊರಿನವರು ಇದೇ ಮಾತು ಆಡಿದ್ದರಲ್ಲವೇ, ಈ ಮನೆಯ ಕಾಲ ಮುಗಿಯಿತು ಎಂದು? ಮುಗಿಯಲಿಲ್ಲ. ಕಣಜದ ಕೋಣೆಯಲ್ಲಿ ಅಡಕೆ ಮೂಟೆ ಇಟ್ಟರು. ಅಂಗಳ ಅಡಕೆ ಚಪ್ಪರಕ್ಕೆ ಸಣ್ಣದಾಯಿತೆಂದು ಹಿತ್ತಿಲಿಗೂ ಚಪ್ಪರ ಹಾಕಿದರು.

ಅದಕ್ಕೂ ಹಿಂದೆ, ಊರಿಗೆ ಸರ್ಕಾರಿ ಶಾಲೆ ಬರುವ ಮೊದಲು, ಐಗಳು ನಮ್ಮ ಜಗಲಿಯಲ್ಲಿಯೇ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರೆಂದು ನೀವೇ ಹೇಳಿದ್ದಿರಿ. ಕೆಸರುಹಲಗೆಯ ಮೇಲೆ ಚಾಕುವಿನಿಂದ ಕೆತ್ತಿದ ‘ಅ ಆ’ ಇನ್ನೂ ಕೈಗೆ ತಗಲುತ್ತದೆ. ಆಮೇಲೆ ಜಗಲಿಯ ಪಕ್ಕದ ಕೋಣೆ ಬ್ರಾಂಚ್ ಅಂಚೆ ಕಚೇರಿಯಾಯಿತು, ಅಜ್ಜಯ್ಯ ಪೋಸ್ಟ್‌ಮಾಸ್ಟರಾದರು. ಅಂಚೆ ಡಬ್ಬಿಯ ಮೊಳೆಗಳ ತೂತು ಹೆಬ್ಬಾಗಿಲಿನ ಚೌಕಟ್ಟಿನಲ್ಲಿ ಈಗಲೂ ಇದೆ. ಆ ವ್ಯಾಪಾರಿ ಅದನ್ನು ಮೇಣ ತುಂಬಿ ಮುಚ್ಚುತ್ತಾನೆ. ಯಕ್ಷಗಾನ ಮೇಳದವರು ಬಂದಾಗ ನಮ್ಮ ನಡುಮನೆಯೇ ಅವರು ವೇಷ ಕಟ್ಟುವ ಚೌಕಿ. ಒಂದು ರಾತ್ರಿಯ ಮಟ್ಟಿಗೆ ಮುಂಡಿಗೆಗಳ ನಡುವೆಲ್ಲ ಬಣ್ಣ ಬಳಿದ ಮುಖಗಳು. ಹೆರಿಗೆಗಳೆಲ್ಲ ಕತ್ತಲೆ ಕೋಣೆಯಲ್ಲಿಯೇ ಆದವು, ನೀವು ಹುಟ್ಟಿದ್ದೂ ಅಲ್ಲಿಯೇ.

ಈಗ ಉಪ್ಪರಿಗೆಯ ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ನೀರು ಹಿಂದಕ್ಕೆ ನಿಂತು ಸಾಗರ ಹೊಸನಗರದ ಊರೂರುಗಳು ಮುಳುಗಿದವು. ಲಾರಿಗೆ ಹೇರಿಕೊಂಡು ಹೊರಟ ಜನರಲ್ಲಿ ನಾಲ್ಕು ಸಂಸಾರಗಳು, ಹೊಸ ಜಾಗದಲ್ಲಿ ಗುಡಿಸಲು ಏಳುವವರೆಗೆ, ಇಡೀ ಒಂದು ಮಳೆಗಾಲ ನಮ್ಮ ಉಪ್ಪರಿಗೆಯಲ್ಲಿ ಇದ್ದರು. ದೊಡ್ಡಮ್ಮ ಹೇಳುತ್ತಿದ್ದರು: ಅವರು ಮನೆ ಬಿಚ್ಚಿ ತಂದಿದ್ದ ಬಾಗಿಲುಗಳನ್ನೂ ಕಂಬಗಳನ್ನೂ ಪಣತದಲ್ಲಿ ಒರಗಿಸಿಟ್ಟಿದ್ದರು, ಮನೆಯ ಯಜಮಾನ್ತಿಯೊಬ್ಬಳು ದಿನಾ ಸಂಜೆ ಹೋಗಿ ತಮ್ಮ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ ಬರುತ್ತಿದ್ದಳು. ಗೋಡೆಯಿಲ್ಲದ ಬಾಗಿಲಿಗೆ. ಅಪ್ಪಯ್ಯ, ಅವರಿಗೆ ಬೇರೆ ದಾರಿ ಇರಲಿಲ್ಲ, ನೀರು ಬಂದಿತ್ತು. ನಮಗೆ ಯಾವ ನೀರು ಬಂದಿದೆ?

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮರದ ಕಂಬಗಳು ಉಳಿದದ್ದು ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದರಿಂದ. ಕುಪ್ಪಳಿಯ ಕವಿಮನೆಗೆ ದಿನಾ ಬಸ್ಸುಗಟ್ಟಲೆ ಶಾಲಾ ಮಕ್ಕಳು ಬರುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚುವ ಸ್ಥಿತಿಗೆ ಬಂದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು; ಅದು ದೊಡ್ಡ ಕೆಲಸ, ಆದರೆ ಅಲ್ಲಿ ಮನೆಯಾಗಿಯೇ ನಿಂತವು. ನಮ್ಮ ಮುಂಡಿಗೆಗಳು ಹಾಗೆ ಹೋಗುವುದಿಲ್ಲ. ನಾಲ್ಕು ಒಂದು ರೆಸಾರ್ಟಿಗೆ, ಎರಡು ಯಾರದೋ ಬಂಗಲೆಯ ಕಾರು ನಿಲ್ಲಿಸುವ ಜಾಗಕ್ಕೆ, ಹೆಬ್ಬಾಗಿಲು ಅಡ್ಡ ಮಲಗಿ ಊಟದ ಮೇಜಾಗುತ್ತದೆ. 18 ಲಕ್ಷದಲ್ಲಿ ಎರಡು ಆರ್‌ಸಿಸಿ ಮನೆ ಮುಗಿಯುವುದೂ ಇಲ್ಲ, ಸಾಲ ಮಾಡಲೇಬೇಕಾಗುತ್ತದೆ; ಆಶ್ಲೇಷಾ ಮಳೆಗೆ ಆ ಚಪ್ಪಟೆ ತಾರಸಿ ಸೋರಲು ತೊಡಗಿದರೆ ಅದರ ಮೇಲೆ ಮತ್ತೆ ಶೀಟು ಹೊದಿಸಬೇಕು. ನಮ್ಮ ಸುತ್ತಲಿನ ಎಷ್ಟು ತಾರಸಿಗಳ ಮೇಲೆ ಶೀಟು ಇಲ್ಲ, ಲೆಕ್ಕ ಹಾಕಿ ನೋಡಿ.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀರಿ. ಚಿಕ್ಕಪ್ಪಯ್ಯನವರ ಪಾಲನ್ನು ಹಣವಾಗಿ ಕೊಡೋಣ, ಮೂರು ವರ್ಷದ ಕಂತಿನಲ್ಲಿ. ಮೊದಲ ಕಂತು ನಾಲ್ಕು ಲಕ್ಷ ನನ್ನಲ್ಲಿದೆ, ದೀಪಾವಳಿಯೊಳಗೆ ಕಳುಹಿಸುತ್ತೇನೆ, ನನಗೆ ಇದರಿಂದ ಏನೇನೂ ಕಷ್ಟವಾಗುವುದಿಲ್ಲ, ಇಲ್ಲಿ ಖರ್ಚೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ನಂತರ ಮಗಳ ಸಹಿಯೂ ಬೇಕೆಂದು ಅವರ ವಕೀಲರು ಹೇಳಿದ್ದರಿಂದ ತಾನೇ ನೀವು ಆ ಒಪ್ಪಿಗೆ ಪತ್ರ ಕಳುಹಿಸಿದ್ದು? ನನ್ನ ಪಾಲು ನನಗೆ ಬೇಡ, ಅಣ್ಣಯ್ಯನ ಹೆಸರಿಗೇ ಬರೆದುಕೊಡುತ್ತೇನೆ, ಮನೆ ನಿಲ್ಲುವುದಾದರೆ. ಚಿಕ್ಕಪ್ಪಯ್ಯನವರಿಗೆ ನಾನೇ ಬೇರೆ ಪತ್ರ ಬರೆಯುತ್ತೇನೆ. ನನ್ನ ಕಿವಿ ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡವರು ಅವರು, ನನ್ನ ಮಾತನ್ನು ತೆಗೆದುಹಾಕುವುದಿಲ್ಲ.

ಉಪ್ಪರಿಗೆಯ ಎರಡು ಕೋಣೆಗಳನ್ನು ಸರಿಮಾಡಿ ಬಂದು ಹೋಗುವವರಿಗೆ ಕೊಡಬಹುದು. ಹೋಮ್‌ಸ್ಟೇ ಎಂದರೆ ಕುಡುಕರ ಗದ್ದಲ ಎಂದು ನೀವು ಹಿಂದೊಮ್ಮೆ ಸಿಟ್ಟಾಗಿದ್ದಿರಿ, ಅದು ಸರಿಯಾದ ಸಿಟ್ಟೇ. ಸಂಸಾರಸ್ಥರಿಗೆ, ಮಳೆಗಾಲದಲ್ಲಿ ಕಪ್ಪೆ ಹಾವು ಹೂವು ಅಭ್ಯಾಸ ಮಾಡಲು ಬರುವ ಕಾಲೇಜಿನ ಮಕ್ಕಳಿಗೆ ಮಾತ್ರ ಕೊಟ್ಟರಾಯಿತು. ಕಣಜದ ಕೋಣೆ ಮತ್ತು ಹಿಂದಿನ ಜಗಲಿಯನ್ನು ಅಡಕೆ ಸುಲಿಯುವ ಹೆಂಗಸರ ಸಂಘಕ್ಕೆ ಕೊಯ್ಲಿನ ನಾಲ್ಕು ತಿಂಗಳಿಗೆ ಕೊಡಬಹುದೆಂದು ಅತ್ತಿಗೆ ಕಳೆದ ವರ್ಷವೇ ಹೇಳಿದ್ದಳು, ಆಗ ಯಾರೂ ಕಿವಿಗೊಡಲಿಲ್ಲ. ಅವಳನ್ನು ಕೂರಿಸಿಕೊಂಡು ಕೇಳಿ. ಆ ಮನೆಯಲ್ಲಿ ದಿನವಿಡೀ ಇರುವವಳು ಅವಳು. ಡ್ಯೂಕಿನ ಮನೆಯ ಅಂಗಡಿಯನ್ನು ಎಬ್ಬಿಸಿದ್ದೂ ಆ ಮನೆಯ ಸೊಸೆಯೇ.

ಮರ ಇನ್ನೂ ಗಟ್ಟಿ ಇದೆ. ನಾನು ಹೋದ ವರ್ಷ ಬಂದಾಗ ಒಂದೊಂದು ಮುಂಡಿಗೆಯನ್ನೂ ತಟ್ಟಿ ನೋಡಿದ್ದೇನೆ. ಬಚ್ಚಲ ಕಡೆಯ ಮೂಲೆಯದಕ್ಕೆ ಮಾತ್ರ ಬುಡದಲ್ಲಿ ಒರಲೆ ಹಿಡಿದಿದೆ, ಅದಕ್ಕೆ ಕಲ್ಲು ಕೊಡಿಸಿದರೆ ಸಾಕು. ಸೋರುವುದು ಹೆಂಚಿನಿಂದ. 1865 ಎಂಬ ಅಚ್ಚು ಇರುವ ಮಂಗಳೂರು ಹೆಂಚುಗಳನ್ನು ನೋಡಿ ನಮ್ಮ ಮನೆ ಆ ವರ್ಷದ್ದೆಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಅದು ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದ ವರ್ಷವೆಂದು ಅಜ್ಜಯ್ಯ ತಿದ್ದಿದ್ದರು. ಒಡೆದವುಗಳ ಬದಲಿಗೆ ಪಣತದ ಹೆಂಚನ್ನೇ ತೆಗೆದು ಹೊದಿಸಬಹುದು, ಅಳತೆ ಒಂದೇ.

ಇನ್ನೊಂದನ್ನು ಬರೆಯಲು ಮನಸ್ಸು ಒಪ್ಪದಿದ್ದರೂ ಬರೆಯುತ್ತೇನೆ. ಆ ಹತ್ತನೆಯ ಡ್ಯೂಕಿನ ಮನೆಯವರನ್ನು ತೆರಿಗೆಯ ಕಷ್ಟಕ್ಕೆ ನೂಕಿದ್ದು ಕೆಲವು ವಾರಗಳ ತಡ. ಪಾಲು ಪಟ್ಟಿಯ ಕಾಗದವನ್ನು ನಾಳೆ ನಾಡಿದ್ದು ಎಂದು ಮುಂದೂಡಬೇಡಿ; ಹೊಸನಗರಕ್ಕೆ ಹೋಗಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಏನೇನು ಬೇಕೆಂದು ಈ ವಾರವೇ ಅಣ್ಣಯ್ಯ ವಿಚಾರಿಸಲಿ. ನಿಮಗೆ ಏನೂ ಆಗುವುದಿಲ್ಲ, ನೀವು ಗಟ್ಟಿಮುಟ್ಟಾಗಿದ್ದೀರಿ, ಡಾಕ್ಟರೂ ಹಾಗೆಯೇ ಹೇಳಿದ್ದಾರೆ, ನನಗೆ ಆ ಬಗ್ಗೆ ಯಾವ ಹೆದರಿಕೆಯೂ ಇಲ್ಲ. ಆದರೆ ಆಷಾಢದಲ್ಲಿ ಹೆಂಚು ಸರಿಸಲು ನೀವೇ ಏಣಿ ಹತ್ತಿದ್ದಿರಂತೆ. ಅಮ್ಮ ಹೇಳಲಿಲ್ಲ, ಯಾರು ಹೇಳಿದರೆಂದು ಕೇಳಬೇಡಿ. ಎಪ್ಪತ್ತನಾಲ್ಕು ವರ್ಷಕ್ಕೆ ಪಾಚಿ ಹಿಡಿದ ಮಾಡಿಗೆ ಹತ್ತುವುದೇ? ಆ ಏಣಿಯನ್ನು ಅಟ್ಟಕ್ಕೆ ಹಾಕಿಸಿ. ಕೂಲಿಯ ದುಡ್ಡನ್ನು ನಾನು ಬೇರೆಯಾಗಿ ಕಳುಹಿಸುತ್ತೇನೆ.

ಜನವರಿಯಲ್ಲಿ ಮೂರು ವಾರ ರಜೆ ಬರೆದಿದ್ದೇನೆ, ಸಿಕ್ಕೇ ಸಿಗುತ್ತದೆ. ಅಷ್ಟರವರೆಗೆ ಆ ವ್ಯಾಪಾರಿಯಿಂದ ಒಂದು ರೂಪಾಯಿ ಮುಂಗಡವನ್ನೂ ತೆಗೆದುಕೊಳ್ಳಬೇಡಿ. ಅವನು ವಿಜಯದಶಮಿಗೆ ಬಂದರೆ, ಮಗಳು ಸಹಿ ಹಾಕಿಲ್ಲ ಎಂದು ನನ್ನ ಮೇಲೆಯೇ ಹಾಕಿ ಕಳುಹಿಸಿಬಿಡಿ. ಅವನಿಗೆ ಚಹಾ ಕೊಡುವುದಾದರೆ ಹೊರಗಿನ ಜಗಲಿಯಲ್ಲಿ ಕೊಡಿ, ಒಳಗೆ ತೊಟ್ಟಿಗೆ ಬಿಡಬೇಡಿ.

ಗಂಟೆ ಒಂಬತ್ತಾಯಿತು, ನಾಳೆ ಬೆಳಗಿನ ಪಾಳಿ, ಐದಕ್ಕೆ ಏಳಬೇಕು. ಹಾಳೆಯೂ ಮುಗಿಯಿತು. ಅಮ್ಮನಿಗೆ ಬಿಪಿ ಮಾತ್ರೆ ತಪ್ಪಿಸಬೇಡಿರೆಂದು ಹೇಳಿ, ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆಂದು ಮತ್ತೆ ಹೇಳಿ. ಪುಟ್ಟನಿಗೆ ಚಾಟ್ಸ್‌ವರ್ತಿನ ಕಾರಂಜಿಯ ಚಿತ್ರದ ಕಾರ್ಡು ಇದರೊಳಗಿದೆ. ದೊಡ್ಡಮ್ಮನಿಗೆ ನಮಸ್ಕಾರ. ಓದಿದ ಕೂಡಲೇ ಅಣ್ಣಯ್ಯನಿಂದ ಒಂದು ಮೆಸೇಜಾದರೂ ಹಾಕಿಸಿ.

ಇಂತಿ ನಿಮ್ಮ ಮಗಳು,
ಶಾರದೆ